ಆಯ್ದು ಕೂಡಿದ ಲೆಕ್ಕ: ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು

ಸಾಹಿತ್ಯದ ಮೇಷ್ಟರಿಗೂ ಲೆಕ್ಕಕ್ಕೂ ಅಷ್ಟಕ್ಕಷ್ಟೆ ಎಂಬುದು ಲೋಕರೂಢಿಯಾದ ಮಾತು. ಅದನ್ನು ಸುಳ್ಳುಮಾಡುವ ಸಾಮರ್ಥ್ಯ ನನಗಿಲ್ಲ. ಆದರೂ ಈಚೆಗೆ ಒಂದು ಸಂಜೆ, ಕಂಪ್ಯೂಟರಿಗೆ ಕಟ್ಟಳೆ ಬರೆಯುವ ಪಾಠವನ್ನು ಹೊಸದಾಗಿ ಹಿಡಿದಿದ್ದ ವಿದ್ಯಾರ್ಥಿನಿಯೊಬ್ಬಳು ತನ್ನ ಪುಸ್ತಕವನ್ನು ನನ್ನ ಮೇಜಿನ ಮೇಲೆ ತೆರೆದಿಟ್ಟು, ಸಮಸ್ಯೆಯ ವಾಕ್ಯದ ಅರ್ಥವನ್ನಾದರೂ ಬಿಡಿಸಿ ಹೇಳಬೇಕೆಂದು ಕೇಳಿದಳು. ವಾಕ್ಯಾರ್ಥ ಬಿಡಿಸುವುದು ನನ್ನ ಕಸುಬು, ಒಪ್ಪಿಕೊಂಡೆ.

ಸಮಸ್ಯೆ ಸಣ್ಣದು. ಒಂದು ಊರಿನಲ್ಲಿ ಆರು ದಿನ ಬಿದ್ದ ಮಳೆಯ ಪಟ್ಟಿ ಅಲ್ಲಿತ್ತು: 12, 0, 2.5, 35, 1, 4 ಮಿಲಿಮೀಟರುಗಳು. ಹವಾಮಾನ ಇಲಾಖೆಯ ರೂಢಿಯಂತೆ 2.5 ಮಿಲಿಮೀಟರಿಗೆ ಕಡಿಮೆಯಿಲ್ಲದಷ್ಟು ಮಳೆ ಬಿದ್ದ ದಿನ ಮಾತ್ರ ಮಳೆದಿನವೆನಿಸಿಕೊಳ್ಳುತ್ತದೆ. ಅಂಥ ದಿನಗಳನ್ನು ಮಾತ್ರ ಆಯ್ದು, ಅವುಗಳ ಮಳೆಯನ್ನು ಕೂಡಿ ಹೇಳಬೇಕು. ಯಂತ್ರ ಇದನ್ನು ಮಾಡುವ ಬಗೆ ನಮ್ಮ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ರೀಲರು ನಡೆದುಕೊಳ್ಳುವ ಬಗೆಯೇ. ಅವನು ಬರಿಗೈಯಲ್ಲಿ ಹೊರಡುತ್ತಾನೆ, ಒಂದೊಂದು ರಾಶಿಯ ಮುಂದೆ ನಿಲ್ಲುತ್ತಾನೆ, ತನ್ನ ಮನಸ್ಸಿನಲ್ಲಿರುವ ಗುಣಕ್ಕೆ ಹೊಂದಿದ್ದನ್ನು ಕೊಳ್ಳುತ್ತಾನೆ, ಹೊಂದದ್ದನ್ನು ದಾಟಿ ಮುಂದೆ ಹೋಗುತ್ತಾನೆ, ಸಾಲು ಮುಗಿದ ಮೇಲೆ ಕೊಂಡದ್ದರ ಮೊತ್ತ ಹಾಕುತ್ತಾನೆ. ಯಂತ್ರವೂ ಮೊತ್ತವೆಂಬ ಪಾತ್ರೆಯಲ್ಲಿ ಮೊದಲು ಸೊನ್ನೆಯನ್ನಿಟ್ಟುಕೊಂಡು, ಪಟ್ಟಿಯ ಒಂದೊಂದೇ ಸಂಖ್ಯೆಯನ್ನು ನಿಬಂಧನೆಯೊಡನೆ ಹೋಲಿಸಿ, ಒಪ್ಪಿದ್ದನ್ನು ಪಾತ್ರೆಗೆ ಹಾಕುತ್ತದೆ. ಪ್ರತಿ ರಾಶಿಯ ಮುಂದೆಯೂ ಮತ್ತೆ ಸೊನ್ನೆಯಿಂದ ಆರಂಭಿಸುವ ರೀಲರನಿಗೆ ಕೊನೆಯ ರಾಶಿಯ ಲೆಕ್ಕವಷ್ಟೇ ಉಳಿಯುವಂತೆ, ಸೊನ್ನೆಯನ್ನು ಸುತ್ತಿನ ಒಳಗಿಟ್ಟ ವಿದ್ಯಾರ್ಥಿಗೂ ಅಷ್ಟೇ ಉಳಿಯುತ್ತದೆ.

ಹುಡುಗಿಯ ಉತ್ತರ 51 ಎಂದು ಬಂದಿತ್ತು, ಬರಬೇಕಾದದ್ದು 53.5. ಕಡಿಮೆಯಿಲ್ಲದ ಎನ್ನಬೇಕಾದೆಡೆಯಲ್ಲಿ ಅವಳು ಹೆಚ್ಚಾದ ಎಂದು ಬರೆದಿದ್ದಳು. ಒಂದು ಚಿಹ್ನೆಯ ವ್ಯತ್ಯಾಸದಿಂದ ಸರಿಯಾಗಿ ಎರಡೂವರೆ ಮಿಲಿಮೀಟರು ಮಳೆಯಾದ ದಿನ ಬಾಗಿಲ ಹೊರಗೆ ನಿಂತುಬಿಟ್ಟಿತ್ತು. ಅದನ್ನು ತಿದ್ದಿಕೊಂಡ ಮೇಲೂ ಅವಳು ಏಳಲಿಲ್ಲ. ಹಾಗಾದರೆ ಒಂದು ಮಿಲಿಮೀಟರು ಮಳೆ ಬಂದ ದಿನದ ಗತಿಯೇನು, ಅದೂ ನೆಲದ ಮೇಲೆಯೇ ಬಿತ್ತಲ್ಲವೆ ಎಂದು ಕೇಳಿದಳು. ಒಣಭೂಮಿಯ ರೈತನ ಮಗಳು ಕೇಳಿದ ಪ್ರಶ್ನೆ ಅದು. ನನಗೆ ಕೂಡಲೇ ಉತ್ತರ ಹೊಳೆಯಲಿಲ್ಲ. ಆದರೆ ಆಯುವುದನ್ನೂ ಕೂಡುವುದನ್ನೂ ಬಾಳಿನುದ್ದಕ್ಕೂ ಒಂದು ವ್ರತದಂತೆ ನಡೆಸಿದ, ನಮ್ಮ ಊರಿನ ಪಕ್ಕದಲ್ಲಿಯೇ ಹುಟ್ಟಿ ಅಲ್ಲಿಯೇ ಮಣ್ಣು ಸೇರಿದ ಒಬ್ಬ ಮಹಾನುಭಾವರ ನೆನಪಾಯಿತು.

ನಂದಿಬೆಟ್ಟದ ತಪ್ಪಲಿನಲ್ಲಿ, ಚಿಕ್ಕಬಳ್ಳಾಪುರಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಮುದ್ದೇನಹಳ್ಳಿಯಿದೆ. 1861ನೆಯ ಇಸವಿ ಸೆಪ್ಟೆಂಬರ್ 15ರಂದು ಅಲ್ಲಿ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಹುಟ್ಟಿದರು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ಬಲ್ಲವರು, ತಾಯಿ ವೆಂಕಟಲಕ್ಷ್ಮಮ್ಮನವರು. ಪೂರ್ವಿಕರು ಇಂದಿನ ಆಂಧ್ರಪ್ರದೇಶದ ಮೋಕ್ಷಗುಂಡಂ ಎಂಬ ಊರಿನಿಂದ ಬಂದವರಾದ್ದರಿಂದ ಮನೆಯ ಮಾತು ತೆಲುಗು, ಊರಿನ ಮಾತು ಕನ್ನಡ. ಚಿಂತಾಮಣಿ, ಗೌರಿಬಿದನೂರುಗಳ ಕಡೆಯವರಿಗೆ ಇದು ಸೋಜಿಗವಲ್ಲ. ಇಲ್ಲಿ ಒಂದೇ ಜಗಲಿಯ ಮೇಲೆ ಎರಡು ಭಾಷೆಗಳು ಕೂತು ಹರಟುತ್ತವೆ.

ಬಾಲಕನು ಕಣ್ಣುಬಿಟ್ಟ ಸೀಮೆಯ ಸ್ವರೂಪವನ್ನು ಇಲ್ಲಿ ಒಂದಿಷ್ಟು ಹೇಳಬೇಕು. ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಅರ್ಕಾವತಿ ಇವೆಲ್ಲ ನಂದಿಯ ಸುತ್ತಣ ಬೆಟ್ಟಸೀಮೆಯಲ್ಲಿ ಹುಟ್ಟುವ ಹೊಳೆಗಳು. ಹುಟ್ಟುವುದು ಇಲ್ಲಿ, ತುಂಬಿ ಹರಿಯುವುದು ಬೇರೆಯವರ ನಾಡಿನಲ್ಲಿ. ಗೌರಿಬಿದನೂರಿನ ಬದಿಯಲ್ಲಿ ಹಾಯುವ ಉತ್ತರ ಪಿನಾಕಿನಿಯ ಪಾತ್ರದಲ್ಲಿ ವರ್ಷದ ಬಹುಭಾಗ ಮರಳೇ ಕಾಣುತ್ತದೆ. ಆದ್ದರಿಂದ ನಮ್ಮ ಹಿರಿಯರು ಕೆರೆಗಳ ಸರಪಣಿಯನ್ನೇ ಕಟ್ಟಿದರು. ಮೇಲಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಕೆರೆಗೆ ನೀರು; ತುಂಬದಿದ್ದರೆ ಇಲ್ಲ. ಇಂಥ ನೆಲದಲ್ಲಿ ಬೆಳೆದವರಿಗೆ ನೀರನ್ನು ಅಳೆದು ನೋಡುವ ಬುದ್ಧಿ ಎಳವೆಯಲ್ಲಿಯೇ ಬಂದಿತೆಂದು ಊಹಿಸಿದರೆ ಅದು ಅತಿಶಯವಾಗಲಾರದು.

ಚಿಕ್ಕಬಳ್ಳಾಪುರದ ಶಾಲೆಯಲ್ಲಿ ಮೊದಲ ವಿದ್ಯಾಭ್ಯಾಸವಾಯಿತು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗನು ಬೆಂಗಳೂರಿನಲ್ಲಿದ್ದ ಸೋದರಮಾವನ ಆಸರೆಯಲ್ಲಿ ಓದು ಮುಂದುವರಿಸಿದನು. ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಖರ್ಚನ್ನು ತಾನೇ ದುಡಿದುಕೊಂಡನು. ಸೆಂಟ್ರಲ್ ಕಾಲೇಜಿನಲ್ಲಿ 1881ರಲ್ಲಿ ಬಿ.ಎ. ಮುಗಿಸಿ, ಮೈಸೂರು ಸರ್ಕಾರದ ವಿದ್ಯಾರ್ಥಿವೇತನದಿಂದ ಪುಣೆಯ ವಿಜ್ಞಾನ ಕಾಲೇಜನ್ನು ಸೇರಿ, 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾಗಿ ತೇರ್ಗಡೆಯಾದರು. ಮರುವರ್ಷ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಇಂಜಿನಿಯರ ಹುದ್ದೆ ದೊರೆಯಿತು. ಪರೀಕ್ಷೆಯೆಂಬ ಜರಡಿ ಬಡವರ ಮಗನೊಬ್ಬನನ್ನು ಆಯ್ದು ಮೇಲೆತ್ತಿತ್ತು. ಆ ಜರಡಿಯಲ್ಲಿ ಅವರಿಟ್ಟ ನಂಬಿಕೆ ಕೊನೆಯವರೆಗೂ ಸಡಿಲಲಿಲ್ಲ. ಇದನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ಅವರ ಕೀರ್ತಿಗೆ ಮೊದಲು ಕಾರಣವಾದದ್ದು ನಿಜವಾದ ಸೋಸುವಿಕೆಯೇ. ಸಿಂಧ್ ಪ್ರಾಂತದ ಸಕ್ಕರ್ ನಗರಕ್ಕೆ ಸಿಂಧೂನದಿಯಿಂದ ಕುಡಿಯುವ ನೀರು ಒದಗಬೇಕಾಗಿತ್ತು. ನದಿಯ ನೀರು ಕೆಸರು. ಸೋಸುವ ತೊಟ್ಟಿಗಳನ್ನು ಕಟ್ಟಲು ನಗರಸಭೆಯ ಬಳಿ ಹಣವಿಲ್ಲ. 1894-95ರ ಸುಮಾರಿನಲ್ಲಿ ಆ ಕಾರ್ಯ ವಿಶ್ವೇಶ್ವರಯ್ಯನವರ ಪಾಲಿಗೆ ಬಂದಿತು. ಅವರು ನದಿಯ ಪಾತ್ರದಲ್ಲಿಯೇ ಬಾವಿ ತೋಡಿಸಿ, ಮರಳಿನ ಪದರದ ಮೂಲಕ ಜಿನುಗಿ ಬರುವ ತಿಳಿನೀರನ್ನು ಹಿಡಿದು, ಅದನ್ನು ಮೇಲಕ್ಕೆತ್ತಿ ಊರಿಗೆ ಹರಿಸಿದರು. ನದಿಯ ಮರಳೇ ಜರಡಿಯಾಯಿತು. ಹೊಸತನ್ನು ಕಟ್ಟುವ ಮೊದಲು, ಇರುವುದರಲ್ಲಿ ಯಾವುದು ಕೆಲಸಕ್ಕೆ ಬರುತ್ತದೆಂದು ಆಯ್ದು ನೋಡುವ ಗುಣ ಅವರಲ್ಲಿ ಆಗಲೇ ಪಕ್ವವಾಗಿತ್ತು.

ಪುಣೆಯ ಬಳಿಯ ಖಡಕವಾಸಲಾ ಜಲಾಶಯದಲ್ಲಿ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳ ಹೆಸರನ್ನು ಕೇಳದವರಿಲ್ಲ. ಕಟ್ಟೆಯ ಗೋಡೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸಬೇಕು. ಪ್ರವಾಹ ಬಂದರೆ ಕಟ್ಟೆಗೆ ಅಪಾಯವಾಗಬಾರದು. ನೀರು ಗೊತ್ತಾದ ಮಟ್ಟಕ್ಕೆ ಬರುವವರೆಗೆ ಬಾಗಿಲು ಮುಚ್ಚಿರುತ್ತದೆ. ಮಟ್ಟ ಮೀರಿದೊಡನೆ ತಾನಾಗಿ ಏಳುತ್ತದೆ. ನೀರು ಇಳಿದರೆ ತಾನಾಗಿ ಮುಚ್ಚುತ್ತದೆ. ಕಾವಲುಗಾರನು ನಿದ್ದೆಹೋದರೂ ನಿಬಂಧನೆ ನಿದ್ದೆಹೋಗುವುದಿಲ್ಲ. ಇಂದು ಮಕ್ಕಳು ಹೀಗಾದರೆ ಹೀಗೆ ಮಾಡು ಎಂದು ಯಂತ್ರಕ್ಕೆ ಬರೆಯುವ ಕಟ್ಟಳೆಯನ್ನು ಅವರು 1903ರ ಹೊತ್ತಿಗೆ ಕಬ್ಬಿಣದಲ್ಲಿ ಬರೆದಿದ್ದರು. ಮುಂದೆ ಗ್ವಾಲಿಯರಿನ ತಿಗ್ರಾ ಅಣೆಕಟ್ಟೆಯಲ್ಲಿಯೂ ನಮ್ಮ ಕನ್ನಂಬಾಡಿಯಲ್ಲಿಯೂ ಅಂಥ ಬಾಗಿಲುಗಳು ಬಂದವು.

ಆದರೆ ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಅವರ ಬ್ಲಾಕ್ ಪದ್ಧತಿ. ದಖ್ಖನಿನ ಕಾಲುವೆಗಳಲ್ಲಿ ಒಂದು ರೋಗ ಬೆಳೆದಿತ್ತು. ಕಾಲುವೆಯ ತಲೆಯಲ್ಲಿದ್ದ ಹಳ್ಳಿಗಳು ವರ್ಷವೆಲ್ಲ ಕಬ್ಬು ಹಾಕಿ ನೀರನ್ನು ಹೀರುತ್ತಿದ್ದವು; ಬಾಲದಲ್ಲಿದ್ದ ಹಳ್ಳಿಗಳಿಗೆ ಬರಿಯ ಕಾಲುವೆ ಕಾಣುತ್ತಿತ್ತು. ತಲೆಯಲ್ಲಿ ನೆಲ ಜವುಳಾಯಿತು, ಸೊಳ್ಳೆ ಹೆಚ್ಚಿತು. ಬಾಲದಲ್ಲಿ ಬೆಳೆ ಒಣಗಿತು. ವಿಶ್ವೇಶ್ವರಯ್ಯನವರು ಕಾಲುವೆಯ ಉದ್ದಕ್ಕೂ ಹಳ್ಳಿಹಳ್ಳಿಗಳಲ್ಲಿ ತಕ್ಕ ನೆಲವನ್ನು ಆಯ್ದು ಬ್ಲಾಕುಗಳೆಂದು ಗುರುತಿಸಿ, ಪ್ರತಿ ಬ್ಲಾಕಿನಲ್ಲಿ ಮೂರರಲ್ಲೊಂದು ಪಾಲಿಗೆ ಮಾತ್ರ ಕಬ್ಬು, ಉಳಿದ ಪಾಲಿಗೆ ಕಡಿಮೆ ನೀರಿನ ಬೆಳೆ, ಸರದಿ ವರ್ಷದಿಂದ ವರ್ಷಕ್ಕೆ ತಿರುಗಬೇಕು ಎಂಬ ಏರ್ಪಾಟನ್ನು ಸೂಚಿಸಿದರು. ನೀರು ಹೆಚ್ಚಲಿಲ್ಲ, ಆಯ್ಕೆಯ ನಿಬಂಧನೆ ಬದಲಾಯಿತು, ಅಷ್ಟೇ. ಅದರಿಂದ ನೀರು ಕಂಡ ಹಳ್ಳಿಗಳ ಸಂಖ್ಯೆ ಬೆಳೆಯಿತು. ಮೊದಲು ವಿರೋಧಿಸಿದ ರೈತರೊಡನೆ ಅವರು ಕುಳಿತು ಮಾತನಾಡಿ ಒಪ್ಪಿಸಿದರು. ಇಲ್ಲಿ ಆಯುವಿಕೆ ಹೊರಗಿಡುವುದಕ್ಕಾಗಿ ನಡೆದದ್ದಲ್ಲ. ಹೊರಗಿದ್ದವರನ್ನು ಒಳಗೆ ತರುವುದಕ್ಕಾಗಿ ನಡೆದದ್ದು. ಮುಂದೆ ಮಂಡ್ಯ ಸೀಮೆಗೆ ನೀರುಣಿಸಿದ ನಾಲೆಯಲ್ಲಿಯೂ ಇದೇ ತತ್ತ್ವ ಬಳಕೆಗೆ ಬಂದಿತು. ಇರ್ವಿನ್ ನಾಲೆಯೆಂದು ಹುಟ್ಟಿದ ಅದು ಇಂದು ಅವರ ಹೆಸರನ್ನೇ ಹೊತ್ತಿದೆ.

1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ನಗರವನ್ನು ಕೊಚ್ಚಿತು. ಸಾವಿರಾರು ಮಂದಿ ಸತ್ತರು. ಆ ವೇಳೆಗೆ ಮುಂಬಯಿಯ ಸೇವೆಯಿಂದ ಬಿಡುವು ಪಡೆಯುತ್ತಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮ ಸರ್ಕಾರ ಬರಮಾಡಿಕೊಂಡಿತು. ಅವರು ಮೊದಲು ಕೈಹಾಕಿದ್ದು ಸಂಖ್ಯೆಗಳಿಗೆ. ಮೂಸಿಯ ಜಲಾನಯನದಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಮಳೆ ಬಿದ್ದಿತು, ಅಲ್ಲಿನ ನೂರಾರು ಕೆರೆಗಳಲ್ಲಿ ಯಾವುವು ಒಡೆದವು, ಅವುಗಳ ನೀರೆಲ್ಲ ಕೂಡಿದರೆ ಎಷ್ಟಾಯಿತು ಎಂದು ಪಟ್ಟಿಮಾಡಿದರು. ಒಂದೊಂದು ಕೆರೆಯೂ ಚಿಕ್ಕದೇ. ಮೊತ್ತ ಮಾತ್ರ ಮಹಾನಗರವನ್ನು ಮುಳುಗಿಸುವಷ್ಟು. ಈ ಲೆಕ್ಕದಿಂದ ನಗರದ ಮೇಲಣ ಭಾಗದಲ್ಲಿ ಎರಡು ಜಲಾಶಯಗಳನ್ನು ಕಟ್ಟಬೇಕೆಂಬ ಸಲಹೆ ಹುಟ್ಟಿತು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಆ ಸಲಹೆಯ ಫಲ.

1909ರಲ್ಲಿ ಅವರು ಮೈಸೂರಿನ ಮುಖ್ಯ ಇಂಜಿನಿಯರಾಗಿ ಬಂದರು. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ದಿವಾನರಾದರು. ಆ ಆರು ವರ್ಷಗಳ ಸಾಧನೆಯನ್ನು ನಮ್ಮ ಶಾಲೆಯ ಮಕ್ಕಳೂ ಬಾಯಿಪಾಠ ಹೇಳಬಲ್ಲರು. 1913ರಲ್ಲಿ ಮೈಸೂರು ಬ್ಯಾಂಕು, 1915ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ, 1917ರಲ್ಲಿ ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು, ಗಂಧದೆಣ್ಣೆ, ಸಾಬೂನು. ರೇಷ್ಮೆ ಕೃಷಿಯನ್ನು ಸುಧಾರಿಸಲು ಇಟಲಿಯಿಂದ ತಜ್ಞರು ಬಂದದ್ದೂ ಆ ಕಾಲದಲ್ಲಿಯೇ. ಇವುಗಳ ಹಿಂದೆ 1911ರಲ್ಲಿ ಆರಂಭವಾದ ಆರ್ಥಿಕ ಸಮ್ಮೇಳನವಿತ್ತು. ಎಷ್ಟು ಮಂದಿ ಓದಬಲ್ಲರು, ಎಷ್ಟು ಬೆಳೆಯುತ್ತದೆ, ತಲೆಯೊಂದಕ್ಕೆ ಆದಾಯವೆಷ್ಟು ಎಂಬುದನ್ನು ಮೊದಲು ತಿಳಿಯದೆ ದೇಶವನ್ನು ಆಳಲಾಗದೆಂಬುದು ಅವರ ದೃಢವಾದ ನಿಲುವು. ಪಟ್ಟಿಯೇ ಇಲ್ಲದವನು ಯಾವುದನ್ನು ಆಯ್ದಾನು, ಯಾವುದನ್ನು ಕೂಡಿಯಾನು?

ಕನ್ನಂಬಾಡಿಯ ಕತೆಯನ್ನು ಇಲ್ಲಿ ವಿಸ್ತರಿಸಲಾರೆ. ಕೆಲಸ 1911ರಲ್ಲಿ ಆರಂಭವಾಯಿತು. ಪೂರ್ಣ ಎತ್ತರಕ್ಕೆ ಕಟ್ಟೆ ಕಟ್ಟಲು ಮದರಾಸು ಸರ್ಕಾರದ ಒಪ್ಪಿಗೆ ಇನ್ನೂ ಬಂದಿರಲಿಲ್ಲ. ಆದರೂ ಅಡಿಪಾಯವನ್ನು ಮಾತ್ರ ಪೂರ್ಣ ಎತ್ತರದ ಕಟ್ಟೆಗೆ ತಕ್ಕಂತೆ ಹಾಕಿದರು. ವಿವಾದ 1924ರ ಒಪ್ಪಂದದವರೆಗೆ ನಡೆಯಿತು. ಕಟ್ಟೆ ಪೂರ್ಣವಾದದ್ದು ಇನ್ನೂ ಕೆಲವು ವರ್ಷಗಳ ನಂತರ. ಹಸುರಾದ ಎಕರೆಗಳನ್ನು ಕೂಡಿದರೆ ಲಾಭ ಅಪಾರ. ಆದರೆ ಕಟ್ಟೆಗೆ ಹೆಸರು ಕೊಟ್ಟ ಕನ್ನಂಬಾಡಿಯೆಂಬ ಊರೇ ಅದರ ನೀರಿನಲ್ಲಿ ಮುಳುಗಿತು. ಅಲ್ಲಿನ ವೇಣುಗೋಪಾಲಸ್ವಾಮಿಯ ಗುಡಿಯೂ ಮುಳುಗಿತು. ಒಕ್ಕಲೆದ್ದವರಿಗೆ ಬೇರೆಡೆಯಲ್ಲಿ ನೆಲೆ ಕಲ್ಪಿಸಲಾಯಿತೆಂಬುದು ನಿಜ. ಆದರೆ ತೊರೆದುಹೋದ ಹಿತ್ತಿಲು, ಬಾವಿಕಟ್ಟೆಗಳನ್ನು ಯಾವ ಅಂಕಣದಲ್ಲಿ ಬರೆಯುವುದು? ಮಳೆದಿನವೆನಿಸದ ಆ ಒಂದು ಮಿಲಿಮೀಟರಿನ ನೆನಪು ನನಗೆ ಮೊದಲು ಕಾಡುವುದು ಇಲ್ಲಿ.

ಎರಡನೆಯ ಸಲ ಕಾಡುವುದು 1918ರಲ್ಲಿ. ಸಂಸ್ಥಾನದ ಸರ್ಕಾರಿ ಹುದ್ದೆಗಳಲ್ಲಿ ಒಂದೇ ಸಮುದಾಯದವರು ತುಂಬಿಕೊಂಡಿದ್ದಾರೆ, ಪ್ರಜೆಗಳಲ್ಲಿ ಬಹುಸಂಖ್ಯರಾದ ಉಳಿದವರಿಗೆ ಪಾಲಿಲ್ಲ ಎಂಬ ಕೂಗು ಎದ್ದಿತ್ತು. ಅದನ್ನು ಪರಿಶೀಲಿಸಲು ಮಹಾರಾಜರು ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ವಿಶ್ವೇಶ್ವರಯ್ಯನವರಿಗೆ ಇದು ಒಪ್ಪಿಗೆಯಾಗಲಿಲ್ಲ. ವಿದ್ಯೆಯನ್ನು ಎಲ್ಲರಿಗೂ ಹರಡಬೇಕು, ಹುದ್ದೆಗೆ ಮಾತ್ರ ಅರ್ಹತೆಯೊಂದೇ ನಿಬಂಧನೆಯಾಗಬೇಕು ಎಂಬುದು ಅವರ ಪಕ್ಷ. ಭಿನ್ನಾಭಿಪ್ರಾಯ ತೀರದೆ ಅವರು ದಿವಾನಗಿರಿಯನ್ನು ಬಿಟ್ಟರು.

ಈ ಸಂದರ್ಭದಲ್ಲಿ ಅವರ ಪ್ರಾಮಾಣಿಕತೆಯನ್ನು ಶಂಕಿಸುವುದು ಅನ್ಯಾಯ. ದಿವಾನಗಿರಿಯನ್ನು ಒಪ್ಪುವ ಮೊದಲು ಬಂಧುಗಳನ್ನು ಕರೆದು, ತಮ್ಮಿಂದ ಯಾವ ಶಿಫಾರಸನ್ನೂ ಬಯಸಕೂಡದೆಂದು ಮಾತು ಪಡೆದರೆಂದು ಪ್ರತೀತಿಯಿದೆ. ಆದರೆ ಪ್ರಾಮಾಣಿಕವಾದ ಜರಡಿಯೂ ಜರಡಿಯೇ. ಕಾಲುವೆಯ ತಲೆಯಲ್ಲಿದ್ದ ಹಳ್ಳಿ ತನ್ನ ಯೋಗ್ಯತೆಯಿಂದಲೇ ನೀರನ್ನು ಪಡೆಯುತ್ತಿದೆಯೆಂದು ಅವರು ಎಂದೂ ಹೇಳಲಿಲ್ಲ. ಅದು ನೆಲೆಯ ಭಾಗ್ಯವೆಂದು ಅರಿತೇ ಬ್ಲಾಕುಗಳನ್ನು ಹಂಚಿದರು. ಅಕ್ಷರದ ಕಾಲುವೆಗೂ ತಲೆ ಬಾಲಗಳುಂಟು, ಅಲ್ಲಿಯೂ ಬಾಲದ ಹಳ್ಳಿಗಳು ತಲೆತಲಾಂತರದಿಂದ ಒಣಗಿವೆ ಎಂಬುದನ್ನು ಅದೇ ಕಣ್ಣಿನಿಂದ ಅವರು ಕಾಣಲಿಲ್ಲವೆಂದೇ ನನಗೆ ತೋರುತ್ತದೆ. ನೀರಿಗೆ ಕಂಡ ನ್ಯಾಯ ಹುದ್ದೆಗೆ ಕಾಣಲಿಲ್ಲ. ಸಮಿತಿಯ ವರದಿ 1919ರಲ್ಲಿ ಬಂದಿತು. ಸರ್ಕಾರ ಅದನ್ನು ಅಂಗೀಕರಿಸಿ ನಡೆಯಿತು. ನನ್ನ ತರಗತಿಯ ಬೆಂಚುಗಳ ಮೇಲೆ ಇಂದು ಯಾರುಯಾರು ಕುಳಿತಿದ್ದಾರೆಂದು ನೋಡಿದಾಗ, ಆ ಎರಡನೆಯ ಮೊತ್ತವನ್ನೂ ಯಾರೋ ಹಾಕಿದ್ದು ಒಳ್ಳೆಯದಾಯಿತೆನ್ನಿಸುತ್ತದೆ. ಇದನ್ನು ಹೇಳುವುದರಿಂದ ಅವರ ಘನತೆಗೆ ಕುಂದಿಲ್ಲ.

ದಿವಾನಗಿರಿ ಬಿಟ್ಟವರು ಸುಮ್ಮನೆ ಕುಳಿತವರಲ್ಲ. 1923ರಲ್ಲಿ ಉತ್ಪಾದನೆಗೆ ತೊಡಗಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ನಷ್ಟದಲ್ಲಿ ನರಳಿದಾಗ ಅದರ ಆಡಳಿತ ಮಂಡಲಿಯ ಅಧ್ಯಕ್ಷರಾಗಿ 1929ರವರೆಗೆ ದುಡಿದು ಅದನ್ನು ನೆಲೆಗೆ ತಂದರು. ಆ ಸೇವೆಗೆ ಸಂದ ಹಣವನ್ನು ಬೆಂಗಳೂರಿನಲ್ಲಿ ಕಸುಬು ಕಲಿಸುವ ಸಂಸ್ಥೆಯೊಂದಕ್ಕೆ ಕೊಟ್ಟು, ಅದಕ್ಕೆ ತಮ್ಮ ಹೆಸರನ್ನಿಡಗೊಡದೆ ಮಹಾರಾಜರ ಹೆಸರನ್ನಿರಿಸಿದರು. 1934ರಲ್ಲಿ, ಸರ್ಕಾರದ ಪಂಚವಾರ್ಷಿಕ ಯೋಜನೆಗಳು ಹುಟ್ಟುವುದಕ್ಕೆ ಬಹಳ ಮೊದಲೇ, ಇಡೀ ಭಾರತದ ಆದಾಯವನ್ನು ಹತ್ತು ವರ್ಷಗಳಲ್ಲಿ ಇಮ್ಮಡಿಸುವ ಯೋಜನೆಯನ್ನು ಗ್ರಂಥರೂಪದಲ್ಲಿ ಮುಂದಿಟ್ಟರು. 1955ರಲ್ಲಿ ಭಾರತರತ್ನ ಪ್ರಶಸ್ತಿ ಬಂದಿತು. ನೂರು ವರ್ಷಗಳನ್ನು ದಾಟಿ, 1962ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಕಾಲವಾದರು. ದೇಹ ಮುದ್ದೇನಹಳ್ಳಿಗೆ ಮರಳಿತು. ನಂದಿಯ ನೆರಳಿನಲ್ಲಿ ಅವರ ಸಮಾಧಿಯಿದೆ, ಹುಟ್ಟಿದ ಮನೆ ಸ್ಮಾರಕವಾಗಿದೆ.

ಅಲ್ಲಿಗೆ ಹೋದಾಗಲೆಲ್ಲ ನನಗೆ ಒಂದು ಸಂಗತಿ ಎದೆಗೆ ನಾಟುತ್ತದೆ. ಸಕ್ಕರಿಗೆ, ಸೂರತ್ತಿಗೆ, ಪುಣೆಗೆ, ಹೈದರಾಬಾದಿಗೆ, ಕಡಲಾಚೆಯ ಏಡನ್ನಿಗೆ, ಮಂಡ್ಯಕ್ಕೆ ನೀರಿನ ದಾರಿ ತೋರಿಸಿದವರ ಸ್ವಂತ ಸೀಮೆ ಇಂದಿಗೂ ನೀರಿಗಾಗಿ ಬಾಯಿಬಿಡುತ್ತಿದೆ. ಅದು ಅವರ ದೋಷವಲ್ಲ. ಬತ್ತದ ನದಿಯೊಂದಿರಬೇಕೆಂಬ ನಿಬಂಧನೆಗೆ ನಮ್ಮ ನಾಡು ಒಪ್ಪಲಿಲ್ಲ, ಆದ್ದರಿಂದ ದೊಡ್ಡ ನೀರಾವರಿಯ ಮೊತ್ತದಲ್ಲಿ ಸೇರಲಿಲ್ಲ. ಮುಂದಿನವರು ಕೊಳವೆಬಾವಿಗಳನ್ನು ಕೊರೆದರು, ಕೊರೆದಷ್ಟೂ ನೀರು ಕೆಳಗಿಳಿಯಿತು, ಆಳದ ನೀರಿನಲ್ಲಿ ಫ್ಲೋರೈಡ್ ಬಂದಿತು. ಈಗ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ, ಹೆಬ್ಬಾಳ ನಾಗವಾರ ಕಣಿವೆಯ ಕಡೆಯಿಂದ ನಮ್ಮ ಕೆರೆಗಳಿಗೆ ತುಂಬಿಸಲಾಗುತ್ತಿದೆ. ಆ ನೀರನ್ನು ಇನ್ನೂ ಚೆನ್ನಾಗಿ ಸೋಸಬೇಕಲ್ಲವೆ ಎಂಬ ಚರ್ಚೆಯೂ ಜೊತೆಯಲ್ಲಿಯೇ ನಡೆದಿದೆ. ಸಕ್ಕರಿನ ಮರಳನ್ನು ಕಂಡಿದ್ದ ಕಣ್ಣು ಇದನ್ನು ಹೇಗೆ ನೋಡುತ್ತಿತ್ತೋ!

ಮರುದಿನ ಆ ವಿದ್ಯಾರ್ಥಿನಿಗೆ ಈ ಕತೆಯನ್ನು ಸಂಕ್ಷೇಪವಾಗಿ ಹೇಳಿದೆ. ನಿಬಂಧನೆಯಿಲ್ಲದೆ ಕೆಲಸ ಸಾಗದು, ಎಲ್ಲವನ್ನೂ ಎಲ್ಲಕ್ಕೂ ಕೂಡುತ್ತ ಕುಳಿತರೆ ಬಾಗಿಲೂ ಏಳದು, ಕಾಲುವೆಯೂ ಹರಿಯದು. ಆದರೆ ಯಾವುದನ್ನು ಬಿಟ್ಟೆವೆಂಬುದನ್ನು ಬರೆದಿಡುವುದಕ್ಕೆ ಯಾರ ಅಡ್ಡಿಯೂ ಇಲ್ಲ ಎಂದೆ. ಅವಳು ಸ್ವಲ್ಪ ಹೊತ್ತು ಯೋಚಿಸಿ, ತನ್ನ ಕಟ್ಟಳೆಯಲ್ಲಿ ಸೊನ್ನೆಯಿಟ್ಟ ಎರಡನೆಯ ಪಾತ್ರೆಯೊಂದನ್ನು ಸೇರಿಸಿದಳು. ನಿಬಂಧನೆಗೆ ಒಪ್ಪಿದ್ದು ಮೊದಲನೆಯದಕ್ಕೆ, ಒಪ್ಪದ್ದು ಎರಡನೆಯದಕ್ಕೆ. ಯಂತ್ರ ಎರಡು ಉತ್ತರಗಳನ್ನು ಕೊಟ್ಟಿತು: 53.5, ಮತ್ತು 1. ಎರಡನ್ನೂ ಕೂಡಿ ನೋಡಿದಳು. 54.5. ಆರು ದಿನಗಳಲ್ಲಿ ನೆಲಕ್ಕೆ ಬಿದ್ದ ಮಳೆ ಸರಿಯಾಗಿ ಅಷ್ಟೇ ಇತ್ತು.